ಹಳೆಯ ಪಿಸ್ತೂಲನ್ನು ಹಾರಿಸುವುದೋ, ಇರಿಸುವುದೋ?

ನಮ್ಮ ಬೀದರ ಸೀಮೆಯ ಹಳೆಯ ಮನೆತನಗಳಲ್ಲಿ ದೇವರ ಕೋಣೆಯೂ ಹಗೇವೂ ಹೇಗೆ ತಪ್ಪದೆ ಇರುವುವೋ, ಹಾಗೆಯೇ ಕೆಲವು ವಾಡೆಗಳಲ್ಲಿ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಆಯುಧವೂ ಇರುವುದುಂಟು. ಬಹುತೇಕ ಅದು ಖಡ್ಗವಾಗಿರುವುದು, ಇಲ್ಲವೆ ಕಠಾರಿಯಾಗಿರುವುದು. ಎಲ್ಲಿಯೋ ಒಂದೆಡೆ ಬಂದೂಕು ಅಥವಾ ಪಿಸ್ತೂಲು. ವರ್ಷಕ್ಕೊಮ್ಮೆ ಖಂಡೇನವಮಿಯ ದಿವಸ ಅದು ಕೆಳಗಿಳಿದು ಬಂದು, ವಿಭೂತಿ ಕುಂಕುಮಗಳನ್ನೂ ಚೆಂಡುಹೂವನ್ನೂ ಪಡೆದು, ಮನೆಯ ಹುಡುಗರ ಕಣ್ಣಿಗೆ ಒಂದು ಗಳಿಗೆ ಬಿದ್ದು, ಮತ್ತೆ ಅಟ್ಟವನ್ನು ಸೇರುವುದು. ಆ ಒಂದು ಗಳಿಗೆಯಲ್ಲಿಯೇ ಪ್ರತಿವರ್ಷವೂ ಪ್ರಶ್ನೆ ಹುಟ್ಟುವುದು: ಇದು ಇನ್ನೂ ಹಾರುವುದೋ? ಒಮ್ಮೆ ಹಾರಿಸಿ ನೋಡಬಾರದೇಕೆ? ಈ ಪ್ರಶ್ನೆಯು ಹುಡುಗರದಾಗಿರುವವರೆಗೆ ಚಿಂತೆಯಿಲ್ಲ. ಗೃಹಸ್ಥರೇ ಅದನ್ನು ಕೇಳತೊಡಗಿದಾಗ ಸ್ವಲ್ಪ ಕುಳಿತು ವಿಚಾರಿಸುವುದು ಒಳ್ಳೆಯದು.

ಇಂತಹ ವಸ್ತುಗಳು ಈ ಭಾಗದಲ್ಲಿ ದೊರೆಯುವುದು ಆಶ್ಚರ್ಯವಲ್ಲ. ಬಹಮನಿ ಸುಲ್ತಾನರ ಕಾಲದಿಂದ ಬೀದರವು ಮದ್ದುಗುಂಡುಗಳ ಊರು. ಅಲ್ಲಿಯ ಕೋಟೆಯ ಬುರುಜುಗಳ ಮೇಲಿನ ದೊಡ್ಡ ತೋಪುಗಳನ್ನು ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟವಾದ ತಮ್ಮ ಬೀದರ ಚರಿತ್ರೆಯಲ್ಲಿ ವಿವರವಾಗಿ ವರ್ಣಿಸಿದ್ದಾರೆ. ೧೬೫೭ರಲ್ಲಿ ಔರಂಗಜೇಬನು ಬೀದರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯು ಬಿದ್ದುದು ಶೌರ್ಯದ ಕೊರತೆಯಿಂದಲ್ಲ. ಒಂದು ಕಿಡಿಯು ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ತಗುಲಿತು, ಕೋಟೆಯ ರಕ್ಷಕನಾದ ಸಿದ್ದಿ ಮರ್ಜಾನನೂ ಅವನ ಮಕ್ಕಳೂ ಸುಟ್ಟು ಬೆಂದರು, ಬಾಗಿಲು ತೆರೆಯಿತು. ಅದೇ ವರ್ಷ ಮೊಗಲರ ಸೈನ್ಯವು ನಮ್ಮ ಕಲ್ಯಾಣದ ಕೋಟೆಯನ್ನೂ ಹಿಡಿಯಿತು. ಮುಂದೆ ನಿಜಾಮರ ಆಳಿಕೆಯಲ್ಲಿ ಕಲ್ಯಾಣವು ನವಾಬರ ಜಹಗೀರಾಯಿತು. ಜಹಗೀರದಾರರೆಂದ ಮೇಲೆ ಅರಬರು, ರೋಹಿಲರು, ಚೌಕಿಯವರು. ಅವರ ಸೊಂಟದಲ್ಲಿ ತಮಂಚಗಳು. ೧೯೪೮ರ ಸೆಪ್ಟೆಂಬರದಲ್ಲಿ ಭಾರತದ ಸೈನ್ಯವು ಸೊಲ್ಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ, ಜಹೀರಾಬಾದಗಳ ಮಾರ್ಗವಾಗಿ ಹೈದರಾಬಾದಿಗೆ ನಡೆಯಿತು. ೧೯೪೯ರಲ್ಲಿ ಜಹಗೀರುಗಳೇ ರದ್ದಾದುವು. ಆ ಎರಡು ವರ್ಷಗಳಲ್ಲಿ ಎಷ್ಟೋ ಆಯುಧಗಳು ಸರಕಾರಕ್ಕೆ ಸೇರಿದುವು, ಎಷ್ಟೋ ಬಾವಿಗಳನ್ನು ಸೇರಿದುವು ಎಂದು ಹಿರಿಯರು ಹೇಳುವರು. ಕೆಲವು ಅಟ್ಟದ ಮೇಲೆ ಉಳಿದುವು. ೧೯೪೮ರ ಮೇ ತಿಂಗಳಿನಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರಿಂದ ನಡೆದ ಹತ್ಯೆಯನ್ನು ಮರೆಯದ ಈ ನೆಲದಲ್ಲಿ ಬಂದೂಕಿನ ಸದ್ದು ಎಲ್ಲರ ಕಿವಿಗೂ ಒಂದೇ ವಿಧವಾಗಿ ಕೇಳಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇಲ್ಲಿ ಒಂದು ಮಾತು. ಸಂಸ್ಕೃತವನ್ನು ಓದಿದವನೆಂದು ತಿಳಿದ ಕೂಡಲೇ ಕೆಲವು ಮಹನೀಯರು ನನ್ನನ್ನು, “ಪಂಡಿತರೇ, ನಮ್ಮ ಋಷಿಗಳಿಗೆ ಬಂದೂಕು ಗೊತ್ತಿತ್ತಲ್ಲವೆ?” ಎಂದು ಕೇಳುವುದುಂಟು. ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧವೂ ಅಗ್ನಿಚೂರ್ಣವೂ ಉಕ್ತವಾಗಿರುವುದು ನಿಜ. ಅದನ್ನೇ ಆಧಾರವಾಗಿ ಹಿಡಿದು ಗುಸ್ತಾವ್ ಓಪರ್ಟ್ ಎಂಬ ಮದರಾಸಿನ ಪ್ರಾಧ್ಯಾಪಕರು ೧೮೮೦ರಲ್ಲಿ ಪ್ರಾಚೀನ ಭಾರತದಲ್ಲಿ ಬಂದೂಕುಗಳಿದ್ದುವೆಂದು ಸಾಧಿಸಹೊರಟರು. ಆದರೆ ಆ ಗ್ರಂಥದ ಈಗಿನ ರೂಪವೇ ಬಹಳ ಈಚಿನದೆಂದು ಅನೇಕ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಬಂದೂಕನ್ನು ಕಂಡ ಮೇಲೆ ಬರೆದ ಶ್ಲೋಕದಿಂದ ಬಂದೂಕಿನ ಪ್ರಾಚೀನತೆಯನ್ನು ಸಾಧಿಸಲಾಗದು. ಮನೆಯ ಪಿಸ್ತೂಲಿನ ವಿಷಯದಲ್ಲಿಯೂ ಇಂಥದೇ ತರ್ಕವು ನಡೆಯುವುದಾದುದರಿಂದ ಈ ಪ್ರಸ್ತಾಪವನ್ನು ಮಾಡಿದೆನು.

ಕಲ್ಯಾಣದಲ್ಲಿ ನನಗೆ ಪರಿಚಿತವಾದ ಒಂದು ಮನೆಯುಂಟು. ಅಣ್ಣ ತಮ್ಮಂದಿರಿಬ್ಬರೂ ನನ್ನ ಶಿಷ್ಯರು, ಈಗ ಮಕ್ಕಳೊಂದಿಗರು. ಅವರ ಮುತ್ಯಾನ ಕಾಲದಿಂದ ಬಂದ ಒಂದು ಪಿಸ್ತೂಲಿದೆ. ಒಂದಡಿಯಷ್ಟು ಉದ್ದ, ಒಂದೇ ನಳಿಗೆ, ಆಕ್ರೋಟದ ಮರದ ಹಿಡಿ, ನಳಿಗೆಯ ಕೆಳಗೆ ಕೀಲಿನಿಂದ ತಿರುಗುವ ಗಜ. ಚಕಮಕಿ ಕಲ್ಲಿನದಲ್ಲ, ಕೇಪಿನದು. ಇದು ನವಾಬರು ಕೊಟ್ಟ ಇನಾಮೆಂದು ಅಣ್ಣನ ನಂಬಿಕೆ. ೧೮೫೭ರ ದಂಗೆಯಲ್ಲಿ ಹಾರಿದುದೆಂದು ತಮ್ಮನ ನಂಬಿಕೆ. ಕಳೆದ ಖಂಡೇನವಮಿಯಲ್ಲಿ ಜಗಳವೆದ್ದಿತು. ತಮ್ಮನ ಮಗಳ ಲಗ್ನವು ಗೊತ್ತಾಗಿತ್ತು; ಮೆರವಣಿಗೆಯಲ್ಲಿ ಒಂದು ಬಾರು ಹಾರಿಸಬೇಕೆಂದು ಅವನ ಆಸೆ.

“ಮಾಸ್ತರೇ, ಬಂದೂಕು ಅಂದ ಮ್ಯಾಲೆ ಹಾರಬೇಕಲ್ರೀ. ಹಾರದಿದ್ರ ಅದು ಬರೀ ಕಬ್ಬಿಣ,” ಎಂದನು.

“ಮುತ್ಯಾ ಮುಟ್ಟಿದ ಸಾಮಾನು ತಮ್ಮಾ. ಒಡದು ಹೋದ್ರ ಎಲ್ಲಿಂದ ತರೋಣು?” ಎಂದು ಅಣ್ಣನು.

ಇಬ್ಬರ ಮಾತಿನಲ್ಲಿಯೂ ಹುರುಳಿತ್ತೆಂದೇ ನಾನು ಹೇಳುವೆನು. ತಮ್ಮನ ವಾದವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ನುಡಿಸದ ವೀಣೆಯು ಕೆಡುವುದು. ಓಡಿಸದ ಗಡಿಯಾರದ ಎಣ್ಣೆಯು ಗಟ್ಟಿಯಾಗುವುದು. ಹಾಗಾದರೆ ಹಾರಿಸದ ಪಿಸ್ತೂಲು? ಕೊಡಗಿನವರನ್ನು ನೋಡಿರಿ. ಅವರ ಮನೆಗಳಲ್ಲಿ ಕೋವಿಯು ಪೂಜೆಗೂ ಉಂಟು, ಉಪಯೋಗಕ್ಕೂ ಉಂಟು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ಪೂಜಿಸುವರು. ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಮರಣವಾದರೆ ಎರಡು ಗುಂಡು ಹಾರಿಸುವುದು ಅವರ ಸಂಪ್ರದಾಯ. ಆಂಗ್ಲರ ಕಾಲದಿಂದಲೂ ಅವರಿಗೆ ಶಸ್ತ್ರಕಾಯಿದೆಯ ಲೈಸೆನ್ಸಿನಿಂದ ವಿನಾಯಿತಿಯುಂಟು. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರ ಅಕ್ಟೋಬರದವರೆಗೆ ಮುಂದುವರಿಸಿತು. ಆದರೆ ಆ ಕೋವಿಗಳು ತಲೆಮಾರಿನಿಂದ ತಲೆಮಾರಿಗೆ ಬಳಕೆಯಲ್ಲಿದ್ದು, ಒರೆಸಿ ತಿಕ್ಕಿ ನೋಡಿಕೊಂಡವು. ಎಪ್ಪತ್ತು ಎಂಬತ್ತು ವರ್ಷ ಬಟ್ಟೆಯಲ್ಲಿ ಮಲಗಿದ್ದ ಪಿಸ್ತೂಲಿಗೆ ಆ ನ್ಯಾಯವನ್ನು ಹಚ್ಚಲಾಗದು.

ನಾನು ಶಸ್ತ್ರಜ್ಞನಲ್ಲ. ಹುಮನಾಬಾದದಲ್ಲಿ ಸೈನ್ಯದಿಂದ ನಿವೃತ್ತರಾದ ಸ್ನೇಹಿತರೊಬ್ಬರಿದ್ದಾರೆ. ಅವರನ್ನು ಕರೆದುಕೊಂಡು ಹೋದೆನು. ಅವರು ಪಿಸ್ತೂಲನ್ನು ಕೈಗೆತ್ತಿಕೊಂಡೊಡನೆ ಮಾಡಿದ ಮೊದಲ ಕೆಲಸವೆಂದರೆ, ಅದರ ಮೂತಿಯನ್ನು ಮನುಷ್ಯರಿಲ್ಲದ ಗೋಡೆಯ ಕಡೆಗೆ ತಿರುಗಿಸಿ ಮಕ್ಕಳನ್ನು ಹೊರಗೆ ಕಳುಹಿಸಿದುದು. ಬಳಿಕ ಒಂದು ತೆಳುವಾದ ಬಿದಿರುಕಡ್ಡಿಯನ್ನು ತರಿಸಿ, ನಳಿಗೆಯೊಳಗೆ ಮೆಲ್ಲನೆ ಇಳಿಸಿ, ಮೂತಿಯ ಬಳಿ ಉಗುರಿನಿಂದ ಗುರುತು ಮಾಡಿ ಹೊರತೆಗೆದರು. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ಅಳೆದರು. ಒಳಗೆ ಬರಿದಾಗಿದ್ದರೆ ಕಡ್ಡಿಯ ತುದಿಯು ಕೇಪು ಕೂರುವ ಸ್ಥಳದವರೆಗೆ ಬರಬೇಕಾಗಿತ್ತು. ಎರಡು ಬೆರಳಿನಷ್ಟು ಕಡಿಮೆ ಬಂದಿತು.

ಅವರು ಪಿಸ್ತೂಲನ್ನು ಮೇಜಿನ ಮೇಲಿಟ್ಟು, “ಒಳಗೆ ಬಾರು ಇದೆ,” ಎಂದರು.

ಮನೆಯಲ್ಲಿ ಮಾತು ನಿಂತಿತು. ಅಷ್ಟು ವರ್ಷ ಪ್ರತಿ ನವಮಿಗೂ ಮಕ್ಕಳು ಅದನ್ನು ಹಿಡಿದು ಒಬ್ಬರೊಬ್ಬರ ಎದೆಗೆ ಗುರಿಯಿಟ್ಟು ಆಡಿದ್ದರು. ತಮ್ಮನು ಹಾರಿಸಬೇಕೆಂದಿದ್ದ ಹೊಸ ಬಾರನ್ನು ಈ ಹಳೆಯ ಬಾರಿನ ಮೇಲೆಯೇ ತುಂಬುತ್ತಿದ್ದನು. ಎರಡು ಬಾರು ಒಂದರ ಮೇಲೊಂದು ಕುಳಿತ ತುಕ್ಕು ಹಿಡಿದ ನಳಿಗೆಯು ಮೆರವಣಿಗೆಯ ನಡುವೆ ಏನು ಮಾಡುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹಳೆಯ ಮದ್ದು ಸತ್ತುಹೋಗಿರುವುದೆಂದು ಜನರು ತಿಳಿದುಕೊಳ್ಳುವರು. ಅದು ಸಾಯುವುದಿಲ್ಲ. ಕರಿಯ ಮದ್ದು ಎಂದರೆ ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣ. ಒಣಗಿದ್ದರೆ ನೂರು ವರ್ಷವಾದರೂ ತನ್ನ ಗುಣವನ್ನು ಬಿಡದು. ೨೦೦೮ರಲ್ಲಿ ಅಮೇರಿಕದ ವರ್ಜೀನಿಯಾ ಪ್ರಾಂತದಲ್ಲಿ ಸಂಗ್ರಾಹಕನೊಬ್ಬನು ಆ ದೇಶದ ಅಂತರ್ಯುದ್ಧ ಕಾಲದ ತೋಪಿನ ಗುಂಡನ್ನು ಶುಚಿಮಾಡುತ್ತಿದ್ದಾಗ ಅದು ಸಿಡಿದು ಅವನು ಸತ್ತನು. ಯುದ್ಧವು ಮುಗಿದು ಆಗಲೇ ೧೪೦ ವರ್ಷಗಳು ಕಳೆದಿದ್ದುವು. ನಮ್ಮಲ್ಲಿಯೇ ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ, ಎಂದರೆ ಹಿಂದಿನ ಬಿದನೂರಿನ, ಒಂದು ಹಾಳುಬಾವಿಯನ್ನು ತೋಡಿದಾಗ ಟೀಪೂ ಸುಲ್ತಾನನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತುವು. ಅಗೆದ ಕೆಸರು ಮದ್ದಿನ ವಾಸನೆಯಿಂದ ಕೂಡಿದ್ದಿತೆಂದು ವರದಿಯಾಯಿತು. ಇನ್ನೂರು ವರ್ಷ ಕೆಸರಿನಲ್ಲಿದ್ದುದರ ಕಥೆಯೇ ಹೀಗಿರುವಾಗ, ಬೀದರದ ಒಣ ಬೇಸಿಗೆಯಲ್ಲಿ ಅಟ್ಟದ ಮೇಲಿದ್ದುದರ ಗತಿಯೇನು?

ಬಾರು ಇಲ್ಲದಿದ್ದರೂ ಹಾರಿಸುವುದು ಕ್ಷೇಮವೇ ಎಂದರೆ, ಅದೂ ಅಲ್ಲ. ಹಳೆಯ ನಳಿಗೆಯ ದೋಷವು ಹೊರಗೆ ಕಾಣಿಸದು. ಮದ್ದು ಉರಿದ ಮೇಲೆ ಉಳಿಯುವ ಉಪ್ಪಿನಂಶವು ಗಾಳಿಯಿಂದ ತೇವವನ್ನು ಹೀರಿ ಒಳಗಿನ ಉಕ್ಕನ್ನು ತಿನ್ನುವುದು. ಕೊನೆಯ ಸಲ ಹಾರಿಸಿದವನು ತೊಳೆಯದೆ ಇಟ್ಟಿದ್ದರೆ ನಳಿಗೆಯ ಬುಡದಲ್ಲಿ ಕುಳಿಗಳು ಬಿದ್ದಿರುವುವು. ಅದಕ್ಕಿಂತ ಕೆಟ್ಟುದು ಮದ್ದಿನ ಜಾತಿಭೇದ. ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ವಿಯೇಲ್ ಎಂಬವನು ೧೮೮೪ರಲ್ಲಿ ಕಂಡುಹಿಡಿದನು; ಇಂದಿನ ತೋಟೆಗಳಲ್ಲಿರುವುದು ಆ ಜಾತಿಯದು. ಅದರ ಒತ್ತಡವು ಕರಿಯ ಮದ್ದಿನದಕ್ಕಿಂತ ಬಹುಪಾಲು ಹೆಚ್ಚು. ತೋಟೆಯನ್ನು ಒಡೆದು ಅದರ ಮದ್ದನ್ನು ಕೇಪಿನ ಪಿಸ್ತೂಲಿಗೆ ತುಂಬುವವನು ಪಿಸ್ತೂಲನ್ನು ಮಾತ್ರವಲ್ಲ, ತನ್ನ ಬೆರಳುಗಳನ್ನೂ ಕಳೆದುಕೊಳ್ಳುವನು.

ಇನ್ನು ಕಾಯಿದೆಯ ಮಾತು. ಇದನ್ನು ಗೃಹಸ್ಥರು ಎಲ್ಲಕ್ಕಿಂತ ಕಡಿಮೆ ಯೋಚಿಸುವರು. “ಇದು ಹಳೆಯದು, ಇದಕ್ಕೆ ಲೈಸೆನ್ಸು ಬೇಕಿಲ್ಲ” ಎಂಬ ಮಾತು ಎಲ್ಲೆಡೆ ಕೇಳಿಬರುವುದು. ೧೯೫೯ರ ಶಸ್ತ್ರಕಾಯಿದೆಯ ೪೫ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳನ್ನು ಬಿಟ್ಟಿರುವುದು ನಿಜ. ಆದರೆ ದುರಸ್ತಿ ಮಾಡಿದರೂ ಹಾರಲಾರದಂಥವನ್ನು ಮಾತ್ರ. ೨೦೨೦ರ ಫೆಬ್ರವರಿಯಲ್ಲಿ ನಿಯಮಗಳನ್ನು ತಿದ್ದಿ, ಕ್ಯೂರಿಯೋ ವರ್ಗಕ್ಕೆ ಸೇರಿದ ಸಣ್ಣ ಆಯುಧಗಳನ್ನು ಮನೆಯಲ್ಲಿಟ್ಟುಕೊಳ್ಳಲು ಲೈಸೆನ್ಸು ಬೇಡವೆಂದರು. ಆದರೆ ಅದನ್ನು ಉಪಯೋಗಿಸಲು, ಹೊತ್ತು ನಡೆಯಲು, ಬೇರೆಡೆಗೆ ಸಾಗಿಸಲು ಲೈಸೆನ್ಸು ಬೇಕೇ ಬೇಕು. ಲೈಸೆನ್ಸಿನಲ್ಲಿ ನಮೂದಾಗದ ಆಯುಧಕ್ಕೆ ಮದ್ದುಗುಂಡುಗಳನ್ನು ಯಾರೂ ಮಾರುವಂತಿಲ್ಲ. ಎಂದರೆ ಇರಿಸುವವನಿಗೆ ಕಾಯಿದೆಯು ಸ್ವಲ್ಪ ದಾರಿ ಬಿಟ್ಟಿದೆ, ಹಾರಿಸುವವನಿಗೆ ಬಿಟ್ಟಿಲ್ಲ. ಯಾವುದು ಕ್ಯೂರಿಯೋ, ಯಾವುದಲ್ಲ ಎಂಬುದನ್ನು ಮನೆಯ ಯಜಮಾನನು ತಾನೇ ತೀರ್ಮಾನಿಸಿಕೊಳ್ಳಬಾರದು. ಲೈಸೆನ್ಸು ಕೊಡುವ ಅಧಿಕಾರಿಗೆ ಬರೆದು ತಿಳಿಯಬೇಕು. ಲೈಸೆನ್ಸಿಲ್ಲದೆ ಆಯುಧವನ್ನಿಟ್ಟುಕೊಂಡ ತಪ್ಪಿಗೆ ೨೦೧೯ರ ತಿದ್ದುಪಡಿಯ ಮೇರೆಗೆ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸವುಂಟು. ಲಗ್ನ ಮೆರವಣಿಗೆಗಳ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸುವುದನ್ನು ಅದೇ ತಿದ್ದುಪಡಿಯು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು: ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಆಯುಧವನ್ನು ಬರೆಯಿಸಬೇಕೆಂಬ ಕಾಯಿದೆಯ ವಿಷಯದಲ್ಲಿ ನಮ್ಮ ಜನರಿಗೆ ಒಂದು ಬಗೆಯ ಅಸಮಾಧಾನವು ಮೊದಲಿನಿಂದಲೂ ಇದ್ದಿತು. ಅದಕ್ಕೆ ಕಾರಣವೂ ಇದ್ದಿತು. ೧೮೫೭ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಕಾದಾಡಿ ಸತ್ತರು; ಅವರ ಲಾವಣಿಯನ್ನು ಇಂದಿಗೂ ಹಾಡುವರು. ಆದರೆ ಹೊಟ್ಟೆಪಾಡಿನ ಆಯುಧವನ್ನು ಪರರ ಆಳಿಕೆಗೆ ಒಪ್ಪಿಸಲಾರೆವೆಂದವರ ಹಟವೇ ಬೇರೆ. ಮೆರವಣಿಗೆಯ ಠೀವಿಗಾಗಿ ಸುತ್ತಲಿನವರ ಜೀವವನ್ನು ಒಡ್ಡುವ ಹಟವೇ ಬೇರೆ. ಹಲಗಲಿಯ ಹೆಸರನ್ನು ಇಲ್ಲಿಗೆ ಎಳೆಯಬಾರದು.

ಕಲ್ಯಾಣದ ಮನೆಯ ಲೈಸೆನ್ಸು ಮುತ್ಯಾನ ಹೆಸರಿನಲ್ಲಿದ್ದಿತು. ಅವರು ತೀರಿಕೊಂಡ ಮೇಲೆ ಯಾರೂ ಅದನ್ನು ಕೇಳಿರಲಿಲ್ಲ. ಪಿಸ್ತೂಲನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬೀದರಕ್ಕೆ ಒಯ್ಯುವೆನೆಂದು ತಮ್ಮನು ಹೊರಟಿದ್ದನು. ಬಾರು ತುಂಬಿದ ಆಯುಧವನ್ನು ಲೈಸೆನ್ಸಿಲ್ಲದೆ ಬಸ್ಸಿನಲ್ಲಿ ಒಯ್ಯುವುದು! ನನ್ನ ಸ್ನೇಹಿತರು ಅವನನ್ನು ಕೂರಿಸಿ, ವಕೀಲರೊಬ್ಬರಿಂದ ಅರ್ಜಿಯನ್ನು ಬರೆಯಿಸಿ, ಠಾಣೆಗೆ ತಿಳಿಸಿದರು. ಪೊಲೀಸರು ತಾವೇ ಬಂದು ಒಯ್ದರು; ಆಯುಧಗಳಲ್ಲಿ ನುರಿತ ಆಳು ಅದರ ಬಾರನ್ನು ತೆಗೆದನು. ಒಂದು ಸೀಸದ ಗುಂಡು, ಕೊಳೆತ ಬಟ್ಟೆಯ ಚೂರು, ಒಂದು ಚಿಟಿಕೆಗಿಂತ ಸ್ವಲ್ಪ ಹೆಚ್ಚು ಕರಿಯ ಪುಡಿ. ಇಟ್ಟುಕೊಳ್ಳುವ ಹಕ್ಕು ತಪ್ಪಿದ ಆಯುಧವನ್ನು ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಿಡಲು ಕಾಯಿದೆಯ ೨೧ನೆಯ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯು ತೀರ್ಮಾನವಾಗುವವರೆಗೆ ಅದು ಅಲ್ಲಿಯೇ ಇರುವುದು. ಲಗ್ನವು ವಾದ್ಯಗಳೊಂದಿಗೆ ಸುಖವಾಗಿ ನಡೆಯಿತು.

ಹಾರಿಸುವ ಆಸೆಯನ್ನು ಮಾತ್ರ ನಾನು ಪೂರ್ತಿಯಾಗಿ ಖಂಡಿಸಲಾರೆನು. ತಾಳೆಗರಿಯ ಗ್ರಂಥವನ್ನು ನಾವು ಏನು ಮಾಡುವೆವು? ಓದಲಿಕ್ಕೆ ಪ್ರತಿಮಾಡಿಕೊಂಡು, ಮೂಲವನ್ನು ಕಟ್ಟಿಡುವೆವು. ಯುರೋಪಿನಲ್ಲಿ ಮೂತಿಯಿಂದ ಬಾರು ತುಂಬುವ ಬಂದೂಕುಗಳ ಪಂದ್ಯಗಳನ್ನು ನಡೆಸುವ ಅಂತಾರಾಷ್ಟ್ರೀಯ ಮಂಡಳಿಯೊಂದು ೧೯೭೧ರಿಂದ ಇದೆ. ಅಲ್ಲಿ ಮೂಲ ಆಯುಧಗಳಿಗೊಂದು ವರ್ಗ, ಹೊಸ ಪ್ರತಿಗಳಿಗೊಂದು ವರ್ಗ. ಇಟಲಿಯ ಕಮ್ಮಟಗಳಲ್ಲಿ ಇಂಥ ಪ್ರತಿಗಳನ್ನು ಹೊಸ ಉಕ್ಕಿನಿಂದ ಮಾಡುವರು. ಹಾರುವ ಪ್ರತಿಯೂ ಕಾಯಿದೆಯ ಕಣ್ಣಿಗೆ ಆಯುಧವೇ ಆದುದರಿಂದ ನಮ್ಮಲ್ಲಿ ಅದು ಸುಲಭಸಾಧ್ಯವಲ್ಲ. ನಿಜವಾಗಿ ಗುರಿಯ ಅಭಿರುಚಿಯುಳ್ಳವರು ರೈಫಲ್ ಸಂಘಗಳನ್ನು ಸೇರಬಹುದು.

ಬೆಲೆಯ ವಿಚಾರವನ್ನೂ ಹೇಳಿಬಿಡುವೆನು, ಏಕೆಂದರೆ ಕೇಳದವರಿಲ್ಲ. ೨೦೧೫ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟೀಪೂವಿನ ಮೂವತ್ತು ವಸ್ತುಗಳು ಅರವತ್ತು ಲಕ್ಷ ಪೌಂಡುಗಳಿಗಿಂತ ಹೆಚ್ಚಿಗೆ ಹೋದುವು. ಇದನ್ನು ಓದಿದವರಿಗೆ ತಮ್ಮ ಅಟ್ಟದಲ್ಲಿಯೂ ಅಂಥದೇ ನಿಧಿಯಿರುವಂತೆ ತೋರುವುದು ಸಹಜ. ಶ್ರೀರಂಗಪಟ್ಟಣದ ಕಾರ್ಖಾನೆಯ ಪಿಸ್ತೂಲುಗಳಿಗೆ ಹುಲಿಯ ಗುರುತೂ ಟೀಪೂವಿನ ಮೌಲೂದಿ ಶಕದ ವರ್ಷವೂ ಉಂಟು. ನಮ್ಮ ಕಲ್ಯಾಣದ ಪಿಸ್ತೂಲಿನ ನಳಿಗೆಯ ಮೇಲೆ ಇರುವುದು ಕಿರೀಟವೂ ಅದರ ಕೆಳಗೆ ಒಂದಕ್ಕೊಂದು ಅಡ್ಡವಾಗಿಟ್ಟ ರಾಜದಂಡಗಳೂ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯವು ೧೮೧೩ರಿಂದ ಒತ್ತತೊಡಗಿದ ಮುದ್ರೆ. ಅಂಥವು ವ್ಯಾಪಾರಕ್ಕಾಗಿ ಸಾವಿರಗಟ್ಟಲೆ ತಯಾರಾದುವು. ನವಾಬರ ಹೆಸರಾಗಲಿ ಪಾರಸಿಯ ಅಕ್ಷರವಾಗಲಿ ಅದರ ಮೇಲಿಲ್ಲ. ಬೆಳ್ಳಿಯ ತಂತಿಯ ಕೆಲಸವಿದ್ದರೆ “ಇದು ಬೀದರಿ” ಎನ್ನುವವರೂ ಉಂಟು. ಬೀದರಿಯು ಸತುವಿನ ಮಿಶ್ರಲೋಹದ ಮೇಲೆ ಮಾಡುವ ಕೆಲಸ, ಅದರಿಂದ ನಳಿಗೆಯನ್ನು ಮಾಡಲಾಗದು. ಉಕ್ಕಿನ ಮೇಲೆ ಬೆಳ್ಳಿ ಬಂಗಾರಗಳನ್ನು ಕೂರಿಸುವುದು ಕೋಫ್ತಗಾರಿ ಎಂಬ ಬೇರೆಯ ಕಸಬು. ನೂರು ವರ್ಷ ದಾಟಿದ ಇಂಥ ಕುಶಲವಸ್ತುವು ೧೯೭೨ರ ಕಾಯಿದೆಯಂತೆ ಪುರಾತನ ವಸ್ತುವೆನಿಸುವುದರಿಂದ ಪರದೇಶಕ್ಕೆ ಮಾರುವ ಕನಸನ್ನೂ ಬಿಡಬೇಕು.

ಇರಿಸುವುದೆಂದು ನಿಶ್ಚಯಿಸಿದವರಿಗೆ ಕೆಲಸವೇನೂ ಕಡಿಮೆಯಿಲ್ಲ. ಮೊದಲನೆಯದಾಗಿ, ನಮ್ಮ ಮನೆಗಳ ಹೆಂಗಸರು ತಾಮ್ರದ ಬಿಂದಿಗೆಗೆ ಮಾಡುವ ಉಪಚಾರವನ್ನು ಪಿಸ್ತೂಲಿಗೆ ಮಾಡಬಾರದು. ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಉಸುಕಿನ ಕಾಗದ ಇವು ತುಕ್ಕಿನೊಂದಿಗೆ ಮುದ್ರೆಯನ್ನೂ ಅಕ್ಷರವನ್ನೂ ಕಾಲದಿಂದ ಬಂದ ಕಂದುಬಣ್ಣವನ್ನೂ ತೆಗೆದುಬಿಡುವುವು. ಥಳಥಳಿಸುವ ಹಳೆಯ ಪಿಸ್ತೂಲೆಂದರೆ ಬಲ್ಲವರ ಕಣ್ಣಿಗೆ ಕೆಟ್ಟ ಪಿಸ್ತೂಲು. ಮೆತ್ತನೆಯ ಬಟ್ಟೆಯಿಂದ ಧೂಳನ್ನೊರಸಿ, ಉಕ್ಕಿನ ಭಾಗಕ್ಕೆ ಹೊಲಿಗೆಯಂತ್ರದ ಎಣ್ಣೆಯನ್ನು ಕೈಗೆ ಅಂಟದಷ್ಟು ತೆಳುವಾಗಿ ಸವರಿದರೆ ಸಾಕು. ವಸ್ತುಸಂಗ್ರಹಾಲಯಗಳಲ್ಲಿ ಒಂದು ಬಗೆಯ ಶುದ್ಧವಾದ ಮೇಣವನ್ನು ಉಪಯೋಗಿಸುವರು. ಎಣ್ಣೆಯು ಮರದ ಹಿಡಿಗೆ ಇಳಿಯಬಾರದು. ಚರ್ಮದ ಚೀಲದಲ್ಲಿ ಇಡಬಾರದು. ಚರ್ಮವು ಹದದ ಆಮ್ಲವನ್ನೂ ತೇವವನ್ನೂ ಹಿಡಿದಿಟ್ಟು ಉಕ್ಕನ್ನು ಕೆಡಿಸುವುದು. ಮಳೆಗಾಲದಲ್ಲಿ ತಂಪಾಗುವ ಗೋಡೆಗೆ ತೂಗುಹಾಕಬಾರದು. ಸುತ್ತಿಗೆಯನ್ನು ಎತ್ತಿ ಬರಿದೆ ಕುದುರೆಯನ್ನು ಎಳೆದು ಟಕ್ಕೆನಿಸುವ ಹುಡುಗಾಟವನ್ನು ನಿಲ್ಲಿಸಬೇಕು. ಕೇಪು ಕೂರುವ ಸಣ್ಣ ಕೊಳವೆಯು ಅದರಿಂದ ಚಪ್ಪಟೆಯಾಗುವುದು, ಹಳೆಯ ಸ್ಪ್ರಿಂಗು ಮುರಿಯುವುದು. ಮತ್ತು ಕೀಲಿಯಿರುವ ಪೆಟ್ಟಿಗೆ. ಕೀಲಿಯು ಯಜಮಾನನ ಬಳಿ.

ಪಿಸ್ತೂಲಿನೊಂದಿಗೆ ಒಂದು ಕಾಗದವೂ ಇರಬೇಕು. ಎಲ್ಲಿಂದ ಬಂದಿತು, ಯಾರ ಕೈಯಲ್ಲಿದ್ದಿತು, ಈ ಸಂಗತಿಯನ್ನು ಯಾರು ಯಾರಿಂದ ಕೇಳಿದರು, ಲೈಸೆನ್ಸಿನ ಸಂಖ್ಯೆಯೇನು, ಮುದ್ರೆಗಳ ಆಕಾರವೇನು ಎಂಬುದನ್ನೆಲ್ಲ ಬರೆದು ತಾರೀಖು ಹಾಕಿ ಸಹಿ ಮಾಡಬೇಕು. ಕಂಡುದನ್ನೂ ಕೇಳಿದುದನ್ನೂ ಬೇರೆ ಬೇರೆಯಾಗಿ ಬರೆಯತಕ್ಕದ್ದು. ಈಗ ಆ ಅಣ್ಣತಮ್ಮಂದಿರು ಇಂಥ ಕಾಗದವನ್ನು ಬರೆಯುತ್ತಿದ್ದಾರೆ. ಕಂಡುದರ ಪಟ್ಟಿಯಲ್ಲಿ ಬರ್ಮಿಂಗ್‌ಹ್ಯಾಮಿನ ಮುದ್ರೆಯೂ ಸೀಸದ ಗುಂಡೂ ಸೇರಿವೆ. ಕೇಳಿದುದರ ಪಟ್ಟಿಯಲ್ಲಿ ನವಾಬರ ಇನಾಮೆಂದು ಅಣ್ಣನೂ, ಐವತ್ತೇಳರ ದಂಗೆಯೆಂದು ತಮ್ಮನೂ ತಮ್ಮ ತಮ್ಮ ಹೆಸರಿನ ಮುಂದೆ ಬರೆದಿದ್ದಾರೆ. ಅವರ ಆಯಿಯೂ ಒಂದು ಸಾಲನ್ನು ಸೇರಿಸಿರುವರು: ಹುಮನಾಬಾದದ ಸಂತೆಯಲ್ಲಿ ಒಂದು ಎತ್ತಿಗೆ ಬದಲಾಗಿ ಬಂದುದೆಂದು ತನ್ನ ಅತ್ತೆಯವರು ಹೇಳುತ್ತಿದ್ದರಂತೆ.